ಬೆನ್ನ ಗೆರೆ ಹಿಡಿದು ನಾಲ್ಕು ತಾಲ್ಲೂಕು

ದಾಬಸ್‌ಪೇಟೆಯಲ್ಲಿ ತುಮಕೂರು ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಶಿವಗಂಗೆ ಬೆಟ್ಟ ಎದುರಿಗೇ ನಿಲ್ಲುತ್ತದೆ. ಒಳಕಲ್ಲು ತೀರ್ಥದ ಕುಳಿಗೆ ಕೈಯಿಳಿಸಿ ನೀರು ಸಿಕ್ಕಿತೇ ಎಂದು ನೋಡಲು ಜನ ಹತ್ತುತ್ತಾರೆ. ಕಾಲಿನಲ್ಲಿ ಕಸುವಿದ್ದವರು ತುದಿಯ ಬಸವಣ್ಣನವರೆಗೂ ಹೋಗುತ್ತಾರೆ. ನನಗೆ ಬೇಕಾದದ್ದು ಅಷ್ಟು ಎತ್ತರದಲ್ಲಿರಲಿಲ್ಲ. ಮೆಟ್ಟಿಲುಗಳು ಶುರುವಾಗುವಲ್ಲೇ, ಬೇಲಿಸಾಲಿನ ಕಾಡುಹರಳಿನ ಕಾಯಿಗೊಂಚಲ ಮೇಲೆ, ಹಸಿರು, ನೀಲಿ, ಬಂಗಾರ ಮೂರೂ ಬೆರೆತ ಬಣ್ಣದ ಹುಳುಗಳು ಒತ್ತೊತ್ತಾಗಿ ಕೂತಿದ್ದವು. ಪಕ್ಕದಲ್ಲಿ ಹೂವು, ಹಣ್ಣುಕಾಯಿ ಹರಡಿಕೊಂಡಿದ್ದ ಅಜ್ಜಿಗೆ ನನ್ನ ನಿಲುವು ವಿಚಿತ್ರವಾಗಿ ಕಂಡಿರಬೇಕು.

“ಏನಪ್ಪಾ, ಅವಾಗಿಂದ ಬಗ್ಗಿ ನೋಡ್ತಾನೇ ಇದ್ದೀಯ?”

“ಈ ಹುಳ ಅಜ್ಜಿ. ಎಷ್ಟು ಚೆನ್ನಾಗಿದೆ ನೋಡಿ.”

“ಚೆನ್ನಾಗೇನೋ ಐತೆ. ಮುಟ್ಟೀಯೆ ಮತ್ತೆ, ಕೈಯೆಲ್ಲ ನಾರ್ತದೆ.”

ನೋಡಿದವರೆಲ್ಲ ಇದನ್ನು ದುಂಬಿ ಎಂದೇ ತಿಳಿಯುತ್ತಾರೆ. ಅಜ್ಜಿಯ ಎಚ್ಚರಿಕೆಯಲ್ಲಿ ಅದರ ನಿಜವಾದ ಗುರುತಿತ್ತು. ಇದು ತಿಗಣೆಗಳ ಬಳಗದ ರತ್ನತಿಗಣೆ. ಕೆಣಕಿದರೆ ಮೈಯಿಂದ ದುರ್ವಾಸನೆಯ ದ್ರವ ಬಿಡುವುದು ಆ ಬಳಗದ ಹಳೆಯ ರಕ್ಷಣೆ. ಮೆಲ್ಲಗೆ ಗೊಂಚಲು ಓರೆ ಮಾಡಿ ಕೆಳಗಿನಿಂದ ನೋಡಿದರೆ ಬಾಯಿಯ ಜಾಗದಲ್ಲಿ ಸೂಜಿಯಂಥ ನಳಿಗೆ. ಅದನ್ನು ಕಾಯಿಗೆ ಚುಚ್ಚಿ ರಸ ಹೀರುತ್ತದೆ. ಬೆನ್ನಿನ ಮೇಲೆ ಗೆರೆಯೇ ಇಲ್ಲ, ಇಡೀ ಬೆನ್ನು ಒಂದೇ ಚಿಪ್ಪು. ದುಂಬಿಯಾದರೆ ಮೊದಲ ಜೋಡಿ ರೆಕ್ಕೆ ಗಟ್ಟಿಯಾಗಿ ಕವಚವಾಗಿರುತ್ತದೆ. ಆ ಎರಡು ಕವಚಗಳು ಪಡಸಾಲೆಯ ಜೋಡಿ ಬಾಗಿಲು ಮುಚ್ಚಿದ ಹಾಗೆ ಬೆನ್ನ ನಡುವೆ ಒಂದು ನೇರ ಗೆರೆಯಲ್ಲಿ ಕೂಡುತ್ತವೆ. ಹಾರುವ ರೆಕ್ಕೆ ಅವುಗಳಡಿ ಮಡಿಸಿಕೊಂಡಿರುತ್ತದೆ. ಲೋಕದಲ್ಲಿ ಹೆಸರಿಟ್ಟ ದುಂಬಿಗಳೇ ಸುಮಾರು 4 ಲಕ್ಷ ಜಾತಿ. ಅಷ್ಟು ದೊಡ್ಡ ಕುಲಕ್ಕೆ ಒಳಹೋಗಲು ಈ ಒಂದು ಗೆರೆ ಸಾಕು. ಆದರೆ ಒಳಗೆ ಹೋದ ಮೇಲೆ ಹುಳು ಏನು ಮಾಡುತ್ತದೆ ಎಂದು ಕಾದು ನೋಡದವರಿಗೆ ಅದು ಪೂರ್ತಿ ಸಿಕ್ಕುವುದಿಲ್ಲ. ನೆಲಮಂಗಲದಿಂದ ಹೊಸಕೋಟೆಯವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಮುಂಗಾರಿನಲ್ಲಿ ಸುತ್ತಿದಾಗ ಈ ಮಾತು ನನಗೆ ಊರೂರಲ್ಲೂ ನಿಜವಾಗಿ ಕಂಡಿತು.

ಶಿವಗಂಗೆಯಲ್ಲಿ ಇನ್ನೊಂದನ್ನು ನೋಡದೆ ಬರಬಾರದು. ಬಂಡೆಯ ಚಾಚಿನಡಿ ನೇತಾಡುವ ಹೆಜ್ಜೇನಿನ ಹಲ್ಲೆಯ ಬಳಿ ಕಣಜವೊಂದು ಸುಳಿದರೆ, ಮೇಲಿರುವ ನೊಣಗಳು ಒಂದರ ಹಿಂದೊಂದು ಹಿಂಭಾಗ ಎತ್ತುತ್ತವೆ. ಹಲ್ಲೆಯ ತುಂಬ ಅಲೆ ಎದ್ದು ಹರಡುತ್ತದೆ. ಈ ಅಲೆ ಕಣಜವನ್ನು ಹಿಮ್ಮೆಟ್ಟಿಸುತ್ತದೆ ಎಂದು ನೇಪಾಳದ ಹೆಜ್ಜೇನುಗಳ ಮೇಲೆ ಅಧ್ಯಯನ ಮಾಡಿದವರು 2008ರಲ್ಲಿ ತೋರಿಸಿಕೊಟ್ಟರು. ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿ. ಹತ್ತಿರ ಹೋಗಬೇಡಿ, ಊದಿನಕಡ್ಡಿ ಹಚ್ಚಬೇಡಿ.

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ದಾರಿ ಹಿಡಿದರೆ ರೈಲು ಹಳಿಯ ಆಚೆ ಮಾಕಳಿದುರ್ಗ. 1,117 ಮೀಟರ್ ಎತ್ತರದ ಬೆಟ್ಟ, ಮೇಲೆ ಪಾಳುಬಿದ್ದ ಕೋಟೆ, ಹತ್ತಿರದಲ್ಲೇ ಗುಂಡಮಗೆರೆಯ ಕೆರೆ. ಚಾರಣಿಗರು ಕೋಟೆಗೆ ಓಡುತ್ತಾರೆ. ತಪ್ಪಲಿನ ಜಾಲಿ, ಕವಳೆ, ಬಂದರೆ ಪೊದೆಗಳ ಕುರುಚಲು ಯಾರ ಕಣ್ಣಿಗೂ ಬೀಳುವುದಿಲ್ಲ. ಕಂದಾಯದ ಕಡತಗಳಲ್ಲಿ ಇಂಥ ನೆಲಕ್ಕೆ ಬೀಳು, ಖರಾಬು ಎಂಬ ಹೆಸರು. ನಾನು ನೋಡಿದ ಮಟ್ಟಿಗೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಶ್ರೀಮಂತವಾದ ನೆಲವಿಲ್ಲ.

ಆರಿದ್ರಾ ಮಳೆ ಬಿದ್ದು ಹೊಳವಾದ ಸಂಜೆ ಕಲ್ಲುಗಳ ನಡುವೆ ಒಂದು ಕಪ್ಪು ದುಂಬಿ ದಾಪುಗಾಲು ಹಾಕುತ್ತ ಬಂತು. ಹೆಬ್ಬೆರಳಿನಷ್ಟು ಉದ್ದ. ಕತ್ತಿನ ಹಲಗೆಯ ಮೇಲೆ ಎರಡು, ರೆಕ್ಕೆಕವಚದ ಮೇಲೆ ನಾಲ್ಕು, ಹೀಗೆ ಆರು ಅಚ್ಚ ಬಿಳಿ ಚುಕ್ಕೆ. ಇದು ಆಂಥಿಯಾ ಸೆಕ್ಸ್‌ಗುಟ್ಟಾಟಾ, ಆರು ಚುಕ್ಕೆಯ ನೆಲದುಂಬಿ. 1775ರಲ್ಲಿ ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಹಾರಲಾರದು, ಓಡಿ ಬೇಟೆಯಾಡುತ್ತದೆ, ಕೊಡಲಿಯಂಥ ದವಡೆಯಲ್ಲಿ ಬೇರೆ ಹುಳುಗಳನ್ನು ಕತ್ತರಿಸಿ ತಿನ್ನುತ್ತದೆ. ಕುರಿ ಹೊಡೆದುಕೊಂಡು ಬರುತ್ತಿದ್ದವರು ನಾನು ಕೂರುವುದನ್ನು ನೋಡಿ ಅಲ್ಲಿಂದಲೇ ಕೂಗಿದರು: “ಸ್ವಾಮಿ, ಮುಖ ಹತ್ರ ತಗೊಂಡೋಗ್ಬೇಡಿ, ಕಣ್ಣಿಗೆ ಹಾರಿಸ್ತದೆ!” ಅವರ ಮಾತು ಅಕ್ಷರಶಃ ಸತ್ಯ. ಈ ಕುಲದ ದುಂಬಿಗಳು ಹಿಂಭಾಗದ ಗ್ರಂಥಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ. ಚರ್ಮಕ್ಕೆ ಉರಿ, ಕಣ್ಣಿಗೆ ಬಿದ್ದರೆ ಅಪಾಯ. ಕಪ್ಪಿನ ಮೇಲಿನ ಆ ಬಿಳಿ ಚುಕ್ಕೆಗಳು ಹಕ್ಕಿಗೂ ಓತಿಗೂ ಕೊಡುವ ಎಚ್ಚರಿಕೆ.

ಸ್ವಲ್ಪ ಆಚೆ, ಒಣಗಿದ ತರಗಿನ ಮೇಲೆ, ಇನ್ನೊಂದು ಕಪ್ಪು ಹುಳು. ಇದಕ್ಕೂ ಬಿಳಿ ಚುಕ್ಕೆ, ಇದೂ ಗಟ್ಟಿ ಬೆನ್ನಿನದು, ಗಾತ್ರದಲ್ಲಿ ತುಸು ಕಿರಿದು. ಆದರೆ ಎಣಿಸಿದರೆ ಚುಕ್ಕೆ ಏಳು. ನಡಿಗೆಯಲ್ಲಿ ಬೇಟೆಗಾರನ ಬಿರುಸಿಲ್ಲ. ಮೀಸೆ ಅಲ್ಲಾಡಿಸುತ್ತ ತರಗಿನಡಿಗೆ ತೂರಿಕೊಳ್ಳುವ ಆತುರ. ಬೆನ್ನು ನೋಡಿದರೆ ನೇರ ಗೆರೆ ಇಲ್ಲ. ಎಡರೆಕ್ಕೆ ಬಲರೆಕ್ಕೆಯ ಮೇಲೆ ಹತ್ತಿ ಕೂತಿದೆ. ಹಾಗಾಗಿ ಎಡಕ್ಕೆ ನಾಲ್ಕು ಚುಕ್ಕೆ, ಬಲಕ್ಕೆ ಮೂರು. ಇದು ದುಂಬಿಯಲ್ಲ, ಜಿರಳೆ! ಥೆರಿಯಾ ಪೆಟಿವೇರಿಯಾನಾ ಎಂಬ ದಕ್ಷಿಣ ಭಾರತದ ಕುರುಚಲು ಕಾಡಿನ ಜಿರಳೆ. ಅಡುಗೆಮನೆಯ ಜಿರಳೆಗೂ ಇದಕ್ಕೂ ಬಾಳ್ವೆಯಲ್ಲಿ ಯಾವ ಹೋಲಿಕೆಯೂ ಇಲ್ಲ. ಮರಿಗಳು ತರಗಿನಡಿಯ ಸಡಿಲ ಮಣ್ಣಿನಲ್ಲಿ ಬೆಳೆಯುತ್ತವೆ, ಮಳೆ ಬಿದ್ದ ಮೇಲೆ ರೆಕ್ಕೆ ಬಲಿತು ಹೊರಗೆ ಬರುತ್ತವೆ. ಆಮ್ಲ ಚಿಮ್ಮುವ ನೆಲದುಂಬಿಯ ವೇಷ ತೊಟ್ಟರೆ ಹಕ್ಕಿಗಳು ದೂರವಿರುತ್ತವೆ, ಅದಕ್ಕೇ ಈ ಚುಕ್ಕೆಗಳು ಎಂಬುದು ಕೀಟತಜ್ಞರ ವಿವರಣೆ. ಎರಡನ್ನೂ ಒಂದೇ ಸಂಜೆ ಒಂದೇ ತಪ್ಪಲಿನಲ್ಲಿ ನೋಡಿದವರಿಗೆ ಆ ವಿವರಣೆ ಎಷ್ಟು ಸಲೀಸಾಗಿ ಒಪ್ಪಿಗೆಯಾಗುತ್ತದೆ!

ಈ ವೇಷಕ್ಕೆ ಮಾರುಹೋದದ್ದು ಹಕ್ಕಿಗಳಷ್ಟೇ ಅಲ್ಲ. ಜೀವಿಗಳಿಗೆಲ್ಲ ಎರಡು ಪದದ ಹೆಸರು ಕೊಡುವ ಪದ್ಧತಿ ನೆಲೆಗೊಳಿಸಿದ ಸ್ವೀಡನ್ನಿನ ಲಿನ್ನೇಯಸ್ 1758ರಲ್ಲಿ ಇದನ್ನು ಆಮೆದುಂಬಿಗಳ ಸಾಲಿಗೆ ಸೇರಿಸಿ ಕ್ಯಾಸಿಡಾ ಪೆಟಿವೇರಿಯಾನಾ ಎಂದು ಬರೆದ. ಪೆಟಿವರ್ ಎಂದರೆ ಲಂಡನ್ನಿನ ಔಷಧ ವ್ಯಾಪಾರಿ, ಲೋಕದ ಮೂಲೆಮೂಲೆಗಳಿಂದ ಗಿಡ, ಹುಳು, ಚಿಪ್ಪು ತರಿಸಿಕೊಂಡು ಕೂಡಿಟ್ಟವನು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಸ್ಯಾಮ್ಯುಯೆಲ್ ಬ್ರೌನ್ ಮದ್ರಾಸಿನಿಂದ ಅವನಿಗೆ ಮಾದರಿಗಳನ್ನು ಕಳಿಸುತ್ತಿದ್ದ. ಲಿನ್ನೇಯಸ್ ಭಾರತಕ್ಕೆ ಬಂದವನಲ್ಲ. ಈ ಹುಳು ತರಗಿನಡಿ ತೂರುವುದನ್ನು ಅವನು ನೋಡಿದ್ದರೆ ಆ ಸಾಲಿಗೆ ಸೇರಿಸುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಅಂದಹಾಗೆ, ಗುರುತಿಗಾಗಿ ಫೋಟೊ ತೆಗೆಯುವವರು ಬೆನ್ನನ್ನು ಮಾತ್ರ ತೆಗೆದು ಸುಮ್ಮನಾಗುತ್ತಾರೆ. ಮೀಸೆ ಕಾಣುವಂತೆ ಮುಂದಿನಿಂದ ಒಂದು, ಕಾಲು ಕಾಣುವಂತೆ ಪಕ್ಕದಿಂದ ಒಂದು, ಕೂತ ಗಿಡದ ಎಲೆಯದೊಂದು ತೆಗೆಯಿರಿ. ತಾರೀಖು, ಹೊತ್ತು, ಅದು ಮಾಡುತ್ತಿದ್ದ ಕೆಲಸ ಬರೆದಿಡಿ. ಹೆಸರು ಕೇಳಬೇಕೆಂದರೆ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲೇ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯವಿದೆ. ಜಿಗಿಹುಳುಗಳ ವರ್ಗೀಕರಣದಲ್ಲಿ ಜಗತ್ತೇ ತಲೆದೂಗುವ ಸಿ. ಎ. ವಿರಕ್ತಮಠ್ ಕೆಲಸ ಮಾಡಿದ್ದು ಅಲ್ಲೇ. ಅಂಥವರ ಪೆಟ್ಟಿಗೆಗಳಲ್ಲಿ ಪ್ರತಿ ಹುಳುವಿನ ಸೂಜಿಯ ಕೆಳಗೂ ಊರು, ದಿನಾಂಕ ಬರೆದ ಚೀಟಿ ಚುಚ್ಚಿರುತ್ತದೆ. ಚೀಟಿಯಿಲ್ಲದ ಹುಳುವಿಗೆ ಅಲ್ಲಿ ಬೆಲೆಯಿಲ್ಲ.

ಘಾಟಿ ಸುಬ್ರಹ್ಮಣ್ಯ ಮಾಕಳಿದುರ್ಗದಿಂದ ದೂರವಲ್ಲ. ಡಿಸೆಂಬರ್ ಹೊತ್ತಿಗೆ ಇಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಹೋರಿಗಳ ಜೋಡಿಗಳು ಬಯಲ ತುಂಬ ನಿಲ್ಲುತ್ತವೆ. ಆದರೆ ಸಗಣಿಯ ದುಂಬಿಗಳ ಹಬ್ಬ ಮಳೆಗಾಲದಲ್ಲೇ. ಮೇಯುವ ದನದ ಹಿಂದೆ ನಡೆದರೆ ಸಾಕು, ಸಗಣಿ ನೆಲಕ್ಕೆ ಬಿದ್ದ ಕೆಲವೇ ನಿಮಿಷಗಳಲ್ಲಿ ಝುಂಯ್ಯೆಂದು ಬಂದಿಳಿಯುತ್ತವೆ. ಒಂದು ಪಂಗಡ ಸಗಣಿಯ ಅಡಿಯಲ್ಲೇ ಸುರಂಗ ತೋಡಿ ಒಳಗೆ ಸಾಗಿಸುತ್ತದೆ; ಇನ್ನೊಂದು ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ಹಿಮ್ಮುಖವಾಗಿ ಉರುಳಿಸಿಕೊಂಡು ಹೋಗುತ್ತದೆ. ಗದ್ದಲದಲ್ಲಿ ಉಂಡೆ ಕದಿಯುವ ಕಳ್ಳರು ಬಹಳ. ಆದ್ದರಿಂದ ಆದಷ್ಟು ನೇರ ದಾರಿಯಲ್ಲಿ ಪಾರಾಗಬೇಕು. ತಲೆಕೆಳಗಾಗಿ, ಹಿಂದುಹಿಂದಾಗಿ ನಡೆಯುವ ಜೀವಕ್ಕೆ ನೇರ ದಾರಿ ಹೇಗೆ ಸಿಕ್ಕೀತು? ಮರೀ ಡಾಕೆ ಎಂಬ ಸ್ವೀಡನ್ನಿನ ವಿಜ್ಞಾನಿ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕದ ಇರುಳುದುಂಬಿಗಳ ತಲೆಗೆ ರಟ್ಟಿನ ಟೋಪಿ ತೊಡಿಸಿ ಆಕಾಶ ಮರೆಮಾಡಿ ನೋಡಿದರು, ದಾರಿ ತಪ್ಪಿತು. ಜೊಹಾನ್ಸ್‌ಬರ್ಗ್‌ನ ತಾರಾಲಯದೊಳಗೆ ಬಿಟ್ಟು ನೋಡಿದರು. ಆಕಾಶಗಂಗೆಯ ಬೆಳಕಿನ ಪಟ್ಟಿಯೊಂದೇ ಕಂಡರೂ ದುಂಬಿ ನೇರ ನಡೆಯಿತು. 2013ರ ಈ ವರದಿಯನ್ನು ಓದಿದಾಗಿನಿಂದ ನನಗೆ ಸಗಣಿಯ ಗುಡ್ಡೆಯ ಪಕ್ಕ ಕೂರಲು ಯಾವ ಸಂಕೋಚವೂ ಇಲ್ಲ.

ಇವು ಹೂತ ಸಗಣಿ ಗೊಬ್ಬರವಾಗುತ್ತದೆ, ನೊಣ ಹುಟ್ಟುವ ಜಾಗ ಇಲ್ಲವಾಗುತ್ತದೆ. ಆಸ್ಟ್ರೇಲಿಯದ ದುಂಬಿಗಳಿಗೆ ಕಾಂಗರೂ ಹಿಕ್ಕೆ ಗೊತ್ತಿತ್ತೇ ಹೊರತು ದನದ ಸಗಣಿ ಗೊತ್ತಿರಲಿಲ್ಲ. ಹುಲ್ಲುಗಾವಲೆಲ್ಲ ಒಣ ಸಗಣಿ ಮುಚ್ಚಿ, ನೊಣ ವಿಪರೀತವಾಗಿ, 1960ರ ದಶಕದ ಕೊನೆಯಲ್ಲಿ ಜಾರ್ಜ್ ಬೋರ್ನೆಮಿಸ್ಸಾ ಎಂಬ ವಿಜ್ಞಾನಿಯ ಸಲಹೆಯಂತೆ ಆ ದೇಶ ಹೊರಗಿನಿಂದ ದುಂಬಿ ತರಿಸಿತು. ನಮ್ಮಲ್ಲಿ ಇವು ಪುಕ್ಕಟೆ. ದನಕ್ಕೆ ಜಂತುಹುಳುವಿಗೆಂದು ಕೊಡುವ ಐವರ್‌ಮೆಕ್ಟಿನ್ ಸಗಣಿಯಲ್ಲಿ ಉಳಿದು ಈ ದುಂಬಿಗಳ ಮರಿಗಳನ್ನು ಕೊಲ್ಲುತ್ತದೆ. ಬೇಕಾದಾಗ ಔಷಧಿ ಕೊಡಲೇಬೇಕು, ನಿಜ. ಲೆಕ್ಕವಿಲ್ಲದೆ ಕೊಡುವುದು ಹೊಲಕ್ಕೇ ನಷ್ಟ.

ದೇವನಹಳ್ಳಿ ಕಡೆಯ ವಿಜಯಪುರದ ಸುತ್ತ ಹಿಪ್ಪುನೇರಳೆ ತೋಟಗಳು. ಇಲ್ಲಿ ಹುಳು ಎಂದರೆ ರೇಷ್ಮೆಹುಳು, ವೈರಿ ಎಂದರೆ ಊಜಿ ನೊಣ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆ ಕರ್ನಾಟಕಕ್ಕೆ ಕಾಲಿಟ್ಟ ನೊಣ ಇದು. ರೇಷ್ಮೆಹುಳುವಿನ ಮೈಮೇಲೆ ಒಂದು ಮೊಟ್ಟೆ ಅಂಟಿಸಿ ಹೋಗುತ್ತದೆ. ಮೊಟ್ಟೆ ಒಡೆದು ಬಂದ ಮರಿ ಚರ್ಮ ಕೊರೆದು ಒಳಗೆ ಇಳಿಯುತ್ತದೆ. “ನಾಲ್ಕನೇ ಜ್ವರ ಎದ್ದ ಮೇಲೆ ಮೈಮೇಲೆ ಕರೀ ಚುಕ್ಕೆ ಕಂಡ್ರೆ ಆಯ್ತು ಅಣ್ಣ, ಅದು ಹಣ್ಣಾದ್ರೂ ಗೂಡು ತೂತೇ,” ಎಂದು ಹುಳಮನೆಯ ಹೆಣ್ಣುಮಗಳೊಬ್ಬರು ಹುಳು ಗೂಡು ಕಟ್ಟುವ ಚಂದ್ರಿಕೆ ತೋರಿಸಿ ಹೇಳಿದರು. ಜ್ವರ ಎಂದರೆ ಹುಳು ಪೊರೆ ಕಳಚುವ ಹೊತ್ತು. ಬಲಿತ ಊಜಿ ಮರಿ ಗೂಡನ್ನು ಕೊರೆದು ಹೊರಬರುವುದರಿಂದ ನೂಲು ತುಂಡಾಗುತ್ತದೆ. ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ. ಹುಳಮನೆಯೊಳಗೆ ಅವರೇ ತಂದು ತೂಗುಹಾಕಿದ ಒಂದು ಪುಟ್ಟ ಚೀಲವನ್ನೂ ನೋಡಿದೆ; ಅದರೊಳಗಿಂದ ಹೊರಡುವುದು ನೆಸೊಲಿಂಕ್ಸ್ ಥೈಮಸ್ ಎಂಬ ಸಾಸಿವೆಗಿಂತ ಸಣ್ಣ ಕಣಜ. ಊಜಿಯ ಕೋಶವನ್ನು ಹುಡುಕಿ ಅದರಲ್ಲಿ ತನ್ನ ಮೊಟ್ಟೆ ಇಡುತ್ತದೆ. ಪರಾವಲಂಬಿಯ ಮೇಲೆ ಇನ್ನೊಂದು ಪರಾವಲಂಬಿ. ಇವೆರಡರ ನಡತೆ ಬಲ್ಲ ಹೆಣ್ಣುಮಕ್ಕಳು ಈ ಸೀಮೆಯ ಮನೆಮನೆಯಲ್ಲಿದ್ದಾರೆ.

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. 54 ಎಕರೆ, ಸುಮಾರು 300 ಮರ, ಶತಮಾನಗಳ ಬೊಡ್ಡೆಗಳು. ಉದುರಿ ಉಳಿದ ಹಳೆಯ ಕಾಯಿಗಳನ್ನು ಕೈಗೆತ್ತಿಕೊಂಡರೆ ಕೆಲವದರ ಸಿಪ್ಪೆಗೆ ಕಾಗದದಂಥ ಪುಟ್ಟ ಗೂಡು ಅಂಟಿರುತ್ತದೆ, ಬೀಜಕ್ಕೆ ದುಂಡನೆಯ ತೂತು. ಇದು ಹುಣಸೆಬೀಜದ ದುಂಬಿ ಕ್ಯಾರಿಡಾನ್ ಸೆರ್ರಾಟಸ್‌ನ ಕೆಲಸ. ಮರಿ ಬೀಜದೊಳಗೆ ಬೆಳೆದು ಹೊರಬಂದು ಗೂಡು ನೇಯುತ್ತದೆ. ದುಂಬಿಗೆ ಗರಗಸದ ಹಲ್ಲಿರುವ ದಪ್ಪ ಹಿಂದೊಡೆ. ಇದೇ ದುಂಬಿ ಗೋದಾಮಿನ ಕಡಲೆಕಾಯಿಗೆ ಹತ್ತಿ ಆಫ್ರಿಕದವರೆಗೆ ಕುಖ್ಯಾತವಾಗಿದೆ. ನಲ್ಲೂರಲ್ಲಿ ಅದು ತನ್ನ ಹಳೆಯ ಮನೆಯಲ್ಲಿ ತಾನಿದೆ.

ಈಗ ಜೀರ್ಜಿಂಬೆಯ ವಿಷಯ. ಮಖೆ, ಹುಬ್ಬೆ ಮಳೆಗಳ ನಡುವಿನ ಬಿಸಿಲಿಗೆ ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಗೋಮಾಳಗಳ ಜಾಲಿಮರದಲ್ಲಿ ಇದನ್ನು ಹುಡುಕಬೇಕು. ಹಸಿರು ಮಿಂಚುವ ಕತ್ತು, ಬೆನ್ನ ನಡುವೆ ಕೂದಲೆಳೆಯಷ್ಟು ನೇರವಾದ ಗೆರೆ. ಸ್ಟರ್ನೋಸೆರಾ ಕುಲದ ದುಂಬಿ. ಐವತ್ತು ದಾಟಿದ ಯಾರನ್ನಾದರೂ ಕೇಳಿ, ಬೆಂಕಿಪೊಟ್ಟಣದಲ್ಲಿ ಜಾಲಿಸೊಪ್ಪು ಹಾಕಿ ಸಾಕಿದ್ದು, ಮೊಟ್ಟೆ ಇಟ್ಟಿತೇ ಎಂದು ತರಗತಿಯಲ್ಲೇ ಪೊಟ್ಟಣ ತೆರೆದು ನೋಡಿದ್ದು, ಕತ್ತಿಗೆ ದಾರ ಕಟ್ಟಿ ಹಾರಿಸಿದ್ದು ಹೇಳುತ್ತಾರೆ. ಕೊಂಬೆ ಅಲುಗಿಸಿದರೆ ಕಾಲು ಮಡಚಿ ಸತ್ತಂತೆ ಉದುರುತ್ತದೆ. ಸ್ವಲ್ಪ ಹೊತ್ತಿಗೆ ಎದ್ದು ಬಿಸಿಲಿಗೆ ಹಾರುತ್ತದೆ. ಇದರ ಬಳಗದ ಬಹುಪಾಲು ದುಂಬಿಗಳ ಮರಿ ಮರದ ಕಾಂಡ ಕೊರೆದು ಬೆಳೆಯುತ್ತವೆ; ಜೀರ್ಜಿಂಬೆ ಮಾತ್ರ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ, ಮರಿ ನೆಲದೊಳಗೆ ಬೇರು ತಿಂದು ದೊಡ್ಡದಾಗುತ್ತದೆ. ಅಂದರೆ ಮೇಲೆ ಜಾಲಿ ಉಳಿದರೆ ಸಾಲದು, ಕೆಳಗಿನ ಮಣ್ಣೂ ಅಗೆಯದೆ ಉಳಿಯಬೇಕು.

ಆ ಹಸಿರಿನಲ್ಲಿ ಬಣ್ಣದ ಪುಡಿ ಇಲ್ಲ. ಕವಚದ ಮೇಲ್ಪದರದಲ್ಲಿ ಒಂದರ ಮೇಲೊಂದು ಹಾಸಿದ ಅತಿತೆಳು ಪದರಗಳು ಬೆಳಕನ್ನು ಒಡೆದು ಹಿಂದಿರುಗಿಸುವುದರಿಂದ ಆ ಮಿಂಚು ಹುಟ್ಟುತ್ತದೆ. ಹುಳು ಸತ್ತರೂ ಮಾಸದು. ಅದಕ್ಕಾಗಿಯೇ ಮೊಗಲರ ಕಾಲದಿಂದ ಈ ಬಳಗದ ರೆಕ್ಕೆಕವಚಗಳನ್ನು ಬಟ್ಟೆಗೆ ಹೊಲಿದರು; ಮದ್ರಾಸು ಇಂಥ ಕಸೂತಿಗೆ ಹೆಸರಾಗಿತ್ತು. 1888ರಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ನಟಿ ಎಲೆನ್ ಟೆರಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತೊಟ್ಟ ಉಡುಪಿನಲ್ಲಿ ಸುಮಾರು 1,000 ರೆಕ್ಕೆಕವಚಗಳಿದ್ದವು. ಜಾನ್ ಸಿಂಗರ್ ಸಾರ್ಜೆಂಟ್ ಆ ವೇಷದಲ್ಲೇ ಆಕೆಯ ಚಿತ್ರ ಬರೆದ. ಉಡುಪು ಇವತ್ತಿಗೂ ಕೆಂಟ್ ಪ್ರಾಂತ್ಯದ ಆಕೆಯ ಮನೆಯಲ್ಲಿದೆ, ಹಸಿರು ಇನ್ನೂ ಹಸಿರಾಗಿಯೇ ಇದೆ. ಇಷ್ಟು ಥಳಥಳಿಸುವ ಹುಳುವನ್ನು ಹಕ್ಕಿ ಬಿಟ್ಟೀತೇ ಎಂದು ನನಗೆ ಯಾವಾಗಲೂ ಅನ್ನಿಸುತ್ತಿತ್ತು. 2020ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಜೀರ್ಜಿಂಬೆಯ ಸೋದರಜಾತಿಯ ಕವಚಗಳಡಿ ಹುಳುವಿನ ಮೇವಿಟ್ಟು ಕಾಡಿನ ಎಲೆಗಳ ಮೇಲೆ ಇರಿಸಿದರು. ಒಂದೇ ಬಣ್ಣ ಬಳಿದ ಕವಚಗಳಿಗಿಂತ ಮಿಂಚುವ ಕವಚಗಳೇ ಹಕ್ಕಿಗಳಿಂದ ಹೆಚ್ಚು ಪಾರಾದವು. ಹುಡುಕಲು ಬಿಟ್ಟ ಮನುಷ್ಯರಿಗೂ ಅವು ಕಡಿಮೆ ಕಂಡವು. ಜಾಲಿಯ ನೆರಳುಬಿಸಿಲಿನ ನಡುವೆ ಮಿಂಚೇ ಮರೆ! ಮರದ ಕೆಳಗೆ ಕತ್ತೆತ್ತಿ ನಿಂತು ಹುಡುಕಿದವರು ಇದನ್ನು ಕೂಡಲೇ ನಂಬುತ್ತಾರೆ.

ಇದೇ ಹೋಬಳಿಯ ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಪಡೆಯುವ ಸರ್ಕಾರದ ಯೋಜನೆಯ ವಿರುದ್ಧ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ರೈತರು ಹೋರಾಡಿದ್ದು ತಮ್ಮ ಹೊಲಕ್ಕಾಗಿ, ಅದು ನ್ಯಾಯ. ಆ ಹೊಲಗಳ ಬದುವಿನ ಜಾಲಿಯೂ, ಅದರ ಬೇರಿನ ಸುತ್ತಲಿನ ಅಗೆಯದ ಮಣ್ಣೂ ಅವರ ಜೊತೆಗೇ ಉಳಿದವು ಎಂಬುದು ನನಗೆ ಬಹಳ ಸಂತೋಷದ ಸಂಗತಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲ ಎಷ್ಟೋ ಊರುಗಳಲ್ಲಿ ಇಂಥ ಬದುಗಳ ಮೇಲೆ ಬಡಾವಣೆಯ ರಸ್ತೆಗಳು ಬಂದಿವೆ.

ಕೊನೆಗೆ ಹೊಸಕೋಟೆ. ನಂದಿ ಸೀಮೆಯಿಂದ ಬರುವ ದಕ್ಷಿಣ ಪಿನಾಕಿನಿ ತುಂಬಿಸುವ ದೊಡ್ಡ ಕೆರೆ ಇಲ್ಲಿನದು. ಹಕ್ಕಿ ನೋಡುವವರು ನೀರಿನತ್ತ ದುರ್ಬೀನು ಹಿಡಿದಿರುತ್ತಾರೆ. ನೀವು ಕಾಲಬುಡದ ಅರೆಒದ್ದೆ ಮರಳುಮಣ್ಣನ್ನು ನೋಡಿ: ಬೆಳ್ಳಗೆ ಚಿತ್ತಾರವಿರುವ ಸಣ್ಣ ದುಂಬಿಗಳು ಸರ್ರನೆ ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಮತ್ತೆ ಓಡುತ್ತವೆ. ಇವು ಹುಲಿದುಂಬಿಗಳು. ಓಟ ಎಷ್ಟು ಬಿರುಸೆಂದರೆ ಓಡುವಾಗ ಕಣ್ಣಿಗೆ ಸಾಕಷ್ಟು ಬೆಳಕು ದಕ್ಕದೆ ಬೇಟೆಯೇ ಕಾಣದಾಗುತ್ತದೆ. ಅದಕ್ಕೇ ನಿಂತು, ನೋಡಿ, ದಿಕ್ಕು ಸರಿಮಾಡಿಕೊಂಡು ಮತ್ತೆ ಓಡುವುದು. ದೂರದಿಂದಲೇ ಇದನ್ನು ಗುರುತಿಸಲು ಆ ಓಟ ಸಾಕು, ಬೆನ್ನ ಗೆರೆ ಬೇಡ.

ಇದರ ಮರಿ ಓಡುವುದೇ ಇಲ್ಲ. ನೆಟ್ಟಗೆ ಇಳಿದ ಪೆನ್ಸಿಲ್ ಗಾತ್ರದ ಬಿಲದ ಬಾಯಿಗೆ ತನ್ನ ಚಪ್ಪಟೆ ತಲೆಯನ್ನೇ ಮುಚ್ಚಳ ಮಾಡಿಕೊಂಡು ಕಾಯುತ್ತದೆ. ಇರುವೆ ಹತ್ತಿರ ಬಂದರೆ ಹಿಂದಕ್ಕೆ ಬಾಗಿ ಹಿಡಿಯುತ್ತದೆ. ಬೇಟೆ ಎಳೆದಾಡಿದರೂ ಬಿಲದಿಂದ ಕಿತ್ತುಬಾರದಂತೆ ಬೆನ್ನಿನ ಕೊಕ್ಕೆಗಳನ್ನು ಗೋಡೆಗೆ ಊರಿಕೊಂಡಿರುತ್ತದೆ. ಗಾಳ ಹಾಕಿ ಕೂತಿದ್ದ ಹುಡುಗನೊಬ್ಬ ಎದ್ದು ಬಂದ. ಹುಲ್ಲುಕಡ್ಡಿಯನ್ನು ಬಿಲಕ್ಕೆ ಇಳಿಸಿ ಅವನ ಕೈಗೆ ಕೊಟ್ಟೆ. “ಅಣ್ಣಾ, ಒಳಗಿಂದ ತಳ್ತೈತೆ!” ಎಂದು ಕೂಗಿ ಗೆಳೆಯರನ್ನೂ ಕರೆದ. ಹೊರಗೆಳೆಯಬೇಡಿ, ಬಿಲ ಬಿಟ್ಟರೆ ಅದಕ್ಕೆ ಬದುಕಿಲ್ಲ ಎಂದೆ. ಒಪ್ಪಿಕೊಂಡರು, ಆದರೆ ಕೆರೆಯಂಚಿನ ಬಿಲಗಳನ್ನೆಲ್ಲ ಎಣಿಸದೆ ಬಿಡಲಿಲ್ಲ. ನೀರು ಮೇಲೇರಿದಾಗ ಬಿಲದ ಬಾಯಿಗೆ ಮಣ್ಣು ಮೆತ್ತಿಕೊಂಡು ಗಾಳಿಯಿಲ್ಲದೆಯೂ ಕೆಲಕಾಲ ಬದುಕಿರಬಲ್ಲ ಮರಿಗಳು ಈ ಬಳಗದಲ್ಲಿವೆ. ನೋಡಬಯಸುವವರು ಬಿಸಿಲು ಏರಿದ ಮೇಲೆ ಹೋಗಿ, ಮೋಡದ ದಿನ ಅವು ಹೊರಗೆ ಬರುವುದು ಕಡಿಮೆ. ಕೆರೆ ಊರಿಗೆ ಅಂಟಿಕೊಂಡೇ ಇದೆ.